ದಿನಕ್ಕೊಂದು ಚೀಟಿ, ವಾರಕ್ಕೊಂದು ಓಲೆ



ಕಳೆದ ತಿಂಗಳು ಸಂಘದ ಯುವ ವಿಭಾಗದ ಸಭೆ ಮುಗಿದ ಮೇಲೆ ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ನಿಮ್ಮಲ್ಲೇ ಇಬ್ಬರ ನಡುವೆ ನಡೆದ ಜಗಳವನ್ನು ನಾನು ಕದ್ದು ಕೇಳಿದೆ. ಕದ್ದು ಎಂದರೆ ಅಷ್ಟೇನೂ ಅಲ್ಲ, ಇಡೀ ಸಭಾಂಗಣಕ್ಕೇ ಕೇಳಿಸುತ್ತಿತ್ತು. ನೀವು ವಾರಕ್ಕೊಮ್ಮೆ ಹೊರಡಿಸುವ ಆ ಇ-ಮೇಲ್ ಪತ್ರದ ವಿಷಯ. ನ್ಯೂಸ್‌ಲೆಟರ್ ಎನ್ನುತ್ತೀರಿ, ನಾನು ಓಲೆ ಎನ್ನುತ್ತೇನೆ. ಶುರುವಾಗಿ ವರ್ಷವಾಯಿತು, ಸಂಘದ ಸದಸ್ಯರ ಮಕ್ಕಳನ್ನು ಬಿಟ್ಟರೆ ಹೊಸಬರು ಯಾರೂ ಸೇರುತ್ತಿಲ್ಲ ಎನ್ನುವುದು ದೂರು. ಒಬ್ಬ ಹುಡುಗ, "ದಿನಾ ಮೂರು ಸಣ್ಣ ಪೋಸ್ಟ್ ಹಾಕಬೇಕು, ಇಲ್ದಿದ್ರೆ ಬೆಳೆಯಲ್ಲ" ಎಂದ. ಹುಡುಗಿ, "ದಿನಾ ಹಾಕಿದ್ರೆ ಇರೋರೂ ಓಡಿಹೋಗ್ತಾರೆ. ತಿಂಗಳಿಗೊಂದೇ ಬರಲಿ, ಚೆನ್ನಾಗಿರಲಿ" ಎಂದಳು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ಆಂಟಿ, ನೀವು ಹೇಳಿ" ಎಂದರು. ಆ ಹೊತ್ತಿಗೆ ಏನು ಹೇಳಬೇಕೋ ತೋಚದೆ ಚಕ್ಕುಲಿಯ ತಟ್ಟೆಯನ್ನು ಮುಂದೆ ಹಿಡಿದೆ. ಮನೆಗೆ ಬಂದು ಯೋಚಿಸಿದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದು ಅಡುಗೆಮನೆಯಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲವೆಂದು ನಮ್ಮ ಮನೆಯವರು ತಮಾಷೆ ಮಾಡುವುದುಂಟು. ಇಂದು ಉಪಯೋಗಕ್ಕೆ ಬಂದಿದೆ. ನಿಮ್ಮ ಜಗಳ ಹೊಸದೇನಲ್ಲ, ಮುನ್ನೂರು ವರ್ಷ ಹಳೆಯದು.

1709ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟೀಲ್ ಎಂಬವನು 'ಟ್ಯಾಟ್ಲರ್' ಎಂಬ ಪುಟ್ಟ ಪತ್ರಿಕೆ ತೆಗೆದ. ವಾರಕ್ಕೆ ಮೂರು ಸಲ, ಮಂಗಳವಾರ, ಗುರುವಾರ ಮತ್ತು ಶನಿವಾರ. ಆ ಮೂರು ದಿನಗಳೇ ಏಕೆ ಗೊತ್ತೇ? ಲಂಡನ್ನಿನಿಂದ ಹಳ್ಳಿಪಟ್ಟಣಗಳಿಗೆ ಟಪಾಲು ಹೊರಡುತ್ತಿದ್ದುದು ಆ ದಿನಗಳಂದು. ಓದುಗನ ಮನೆಬಾಗಿಲಿಗೆ ಯಾವಾಗ ಗಾಡಿ ಹೋಗುತ್ತದೆಂದು ನೋಡಿಕೊಂಡು ಬರೆದ ಜಾಣ ಅವನು. ಮೊದಲ ಕೆಲವು ಸಂಚಿಕೆಗಳನ್ನು ಪುಕ್ಕಟೆ ಹಂಚಿ, ರುಚಿ ಹತ್ತಿದ ಮೇಲೆ ಒಂದು ಪೆನ್ನಿ ಬೆಲೆ ಇಟ್ಟ. ನೀವು ಇಂದು 'ಫ್ರೀ ಟ್ರಯಲ್' ಎನ್ನುತ್ತೀರಲ್ಲ, ಅದೇ.

ಟ್ಯಾಟ್ಲರ್ 271 ಸಂಚಿಕೆಗಳಾಗಿ ನಿಂತಿತು. 1711ರ ಮಾರ್ಚ್ 1ರಂದು ಸ್ಟೀಲ್ ಮತ್ತು ಅವನ ಗೆಳೆಯ ಜೋಸೆಫ್ ಅಡಿಸನ್ ಸೇರಿ 'ಸ್ಪೆಕ್ಟೇಟರ್' ಶುರುಮಾಡಿದರು. ಇದು ಭಾನುವಾರ ಬಿಟ್ಟು ದಿನವೂ ಬರುತ್ತಿತ್ತು. ಒಂದೇ ಹಾಳೆ, ಹಿಂದೆ ಮುಂದೆ ಅಚ್ಚು, ಒಂದೇ ಲೇಖನ, ಕೊನೆಯಲ್ಲಿ ಒಂದಿಷ್ಟು ಜಾಹೀರಾತು. ಹತ್ತನೆಯ ಸಂಚಿಕೆಯಲ್ಲೇ ಅಡಿಸನ್ ಲೆಕ್ಕ ಕೊಡುತ್ತಾನೆ: ದಿನಕ್ಕೆ 3,000 ಪ್ರತಿ ಹಂಚಿಕೆಯಾಗುತ್ತಿದೆ, ಪ್ರತಿಯೊಂದಕ್ಕೆ ಇಪ್ಪತ್ತು ಓದುಗರೆಂದು ಹಿಡಿದರೆ 60,000 ಜನ. ಸಂಪಾದಕನೇ ತನ್ನ ಪತ್ರಿಕೆಯ ಬಗ್ಗೆ ಹೇಳುವ ಲೆಕ್ಕವನ್ನು ಸ್ವಲ್ಪ ಸೋಸಿಯೇ ನಂಬಬೇಕು. ಆದರೂ ಕಾಫಿ ಮನೆಗಳಲ್ಲಿ ಒಂದು ಪ್ರತಿಯನ್ನು ಹತ್ತಾರು ಜನ ಓದುತ್ತಿದ್ದುದಂತೂ ನಿಜ. ಅದೇ ಸಂಚಿಕೆಯಲ್ಲಿ ಅವನು ಗೃಹಸ್ಥರಿಗೆ ಇನ್ನೊಂದು ಸಲಹೆ ಕೊಡುತ್ತಾನೆ. ಬೆಳಿಗ್ಗೆ ಚಹಾ, ಬ್ರೆಡ್ಡು, ಬೆಣ್ಣೆಯ ಜೊತೆಗೆ ತನ್ನ ಪತ್ರಿಕೆಯನ್ನೂ ಚಹಾದ ಸಾಮಾನಿನಲ್ಲಿ ಒಂದೆಂದು ಮೇಜಿನ ಮೇಲೆ ತಂದಿಡಬೇಕಂತೆ! ಕಾಲೇಜಿನಲ್ಲಿ ಇದನ್ನು ಓದಿ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಅವನು ಕೇಳುತ್ತಿದ್ದುದು ಓದುಗರ ಮೆಚ್ಚುಗೆಯನ್ನಲ್ಲ, ಅವರ ದಿನಚರಿಯಲ್ಲಿ ಒಂದು ಜಾಗವನ್ನು.

ಈಗ ಎದುರು ಪಕ್ಷ. 1750ರ ಮಾರ್ಚ್‌ನಿಂದ 1752ರ ಮಾರ್ಚ್‌ವರೆಗೆ ಸ್ಯಾಮ್ಯುಯೆಲ್ ಜಾನ್ಸನ್ 'ರ್‍ಯಾಂಬ್ಲರ್' ಹೊರಡಿಸಿದ. ಮಂಗಳವಾರ ಮತ್ತು ಶನಿವಾರ, ವಾರಕ್ಕೆ ಎರಡೇ ಸಲ. ಬೆಲೆ ಎರಡು ಪೆನ್ನಿ. ಕೆಲವನ್ನು ಬಿಟ್ಟರೆ 208 ಸಂಚಿಕೆಗಳನ್ನೂ ಒಬ್ಬನೇ ಬರೆದ. ಮಾರಾಟ 500ನ್ನು ದಾಟಿದ್ದೇ ಅಪರೂಪ. ನೋಡಿದಿರಾ, ದಿನವೂ ಬಂದದ್ದು ಗೆದ್ದಿತು, ಅಪರೂಪಕ್ಕೆ ಬಂದದ್ದು ಸೋತಿತು ಎಂದು ಆ ಹುಡುಗ ಈಗಲೇ ಎದ್ದು ನಿಲ್ಲಬಹುದು. ಕುಳಿತುಕೋಪ್ಪಾ. ರ್‍ಯಾಂಬ್ಲರ್ ದುಬಾರಿ, ಭಾಷೆ ಭಾರ, ಮುಖದಲ್ಲಿ ನಗೆಯಿಲ್ಲ. ಸೋತದ್ದು ಎರಡು ದಿನಕ್ಕೋ, ಎರಡು ಪೆನ್ನಿಗೋ, ಗಂಭೀರ ಮುಖಕ್ಕೋ ಹೇಳುವುದು ಕಷ್ಟ. ಮೇಲಾಗಿ ಅದೇ ಪುಸ್ತಕವಾಗಿ ಬಂದಾಗ ಜಾನ್ಸನ್ ಬದುಕಿರುವಾಗಲೇ ಮತ್ತೆ ಮತ್ತೆ ಮುದ್ರಣ ಕಂಡಿತು. ದಿನದ ಓದುಗನಿಗೆ ಹಿಡಿಸದ್ದು ಬಿಡುವಿನ ಓದುಗನಿಗೆ ಹಿಡಿಸಿತು.

ಸ್ಪೆಕ್ಟೇಟರ್ ಕೂಡ ಚಿರಂಜೀವಿಯಾಗಲಿಲ್ಲ. 1712ರ ಆಗಸ್ಟ್‌ನಲ್ಲಿ ಸರ್ಕಾರ ಪತ್ರಿಕೆಗಳ ಮೇಲೆ ಸ್ಟಾಂಪ್ ತೆರಿಗೆ ಹಾಕಿತು. ಬೆಲೆ ಒಂದು ಪೆನ್ನಿಯಿಂದ ಎರಡಕ್ಕೆ ಏರಿತು, ಮಾರಾಟ ಇಳಿಯಿತು. ಆ ಡಿಸೆಂಬರ್‌ನಲ್ಲಿ 555ನೆಯ ಸಂಚಿಕೆಗೆ ನಿಂತಿತು. 1714ರಲ್ಲಿ ಅಡಿಸನ್ ಅದನ್ನು ವಾರಕ್ಕೆ ಮೂರು ಸಲದಂತೆ ಮತ್ತೆ ತೆಗೆದಾಗ 80 ಸಂಚಿಕೆಗಳಷ್ಟೇ ಬಂದವು. ಇದನ್ನೆಲ್ಲ ಏಕೆ ಹೇಳಿದೆನೆಂದರೆ, ದಿನಕ್ಕೊಂದು ಬರೆಯುವುದಕ್ಕೆ ಅವರು ಇಬ್ಬರಿದ್ದರು, ಇಬ್ಬರಿಗೂ ನೆರವಾಗುವ ಗೆಳೆಯರಿದ್ದರು, ಓದುಗರ ಕಾಗದಗಳನ್ನೇ ಲೇಖನವಾಗಿ ಮಾಡಿಕೊಳ್ಳುವ ಚಾಲಾಕು ಇತ್ತು. ಒಂಟಿ ಎತ್ತಿನಿಂದ ಹೊಲ ಉಳಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1951ರಿಂದ ಇದೇ ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ'ದ ಮೊದಲ ಪುಟದಲ್ಲಿ ಅಂಗೈಯಗಲದ ಒಂದು ವ್ಯಂಗ್ಯಚಿತ್ರವನ್ನು ದಶಕಗಳ ಕಾಲ ಬರೆದರು. ನಮ್ಮ ಮಾವನವರು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಮೊದಲು ಆ ಮೂಲೆ ನೋಡುತ್ತಿದ್ದರು, ಆಮೇಲೆ ಸುದ್ದಿ. ಊರಿನ ಕಡೆ 'ಪ್ರಜಾವಾಣಿ'ಯಲ್ಲಿ ಟಿ.ಎಸ್. ರಾಮಚಂದ್ರರಾಯರ 'ಛೂಬಾಣ'ಕ್ಕೂ ಅದೇ ಭಾಗ್ಯ. ಒಂದೆರಡು ಸಾಲು, ಅಷ್ಟೇ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ'ಯಲ್ಲಿ ವಾರವಾರವೂ 'ನೀಲು' ಹೆಸರಿನಲ್ಲಿ ಬರುತ್ತಿದ್ದ ಪುಟಾಣಿ ಪದ್ಯಗಳನ್ನು ನಿಮ್ಮ ಅಪ್ಪ ಅಮ್ಮಂದಿರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ, ಕೇಳಿ ನೋಡಿ. ಆ ಕಿರಿದು ಯಾವುದೂ ಪತ್ರಿಕೆಯ ಬದಲಿಗೆ ಬಂದದ್ದಲ್ಲ. ಪತ್ರಿಕೆಯನ್ನು ಕೈಗೆತ್ತಿಕೊಳ್ಳಲು ಒಂದು ನೆಪವಾಗಿ ಬಂದದ್ದು.

ಇನ್ನು ನನ್ನ ಸ್ವಂತ ಪುರಾಣ. ಇದನ್ನು ಹೇಳದೆ ಉಪದೇಶ ಮಾಡಿದರೆ ತಪ್ಪಾಗುತ್ತದೆ.

2020ರ ಲಾಕ್‌ಡೌನಿನಲ್ಲಿ ಎಲ್ಲರಂತೆ ನಾನೂ ಮನೆಯಲ್ಲಿ ಕುಳಿತು ಬೇಸತ್ತಿದ್ದೆ. ನನ್ನ ತಂಗಿಯ ಮಗಳು ಮತ್ತು ಅವಳ ಗೆಳತಿಯರಿಗೆ ವಾಟ್ಸ್ಆ್ಯಪ್‌ನಲ್ಲಿ ದಿನವೂ ಬೆಳಿಗ್ಗೆ ಒಂದು ಕನ್ನಡ ಪದ, ಅದರ ಬಗ್ಗೆ ಮೂರು ಸಾಲು ಕಳಿಸತೊಡಗಿದೆ. 'ನೆಲುವು' ಎಂದರೆ ಏನು? ಬೆಕ್ಕಿಗೆ ಸಿಗದ ಹಾಗೆ ಹಾಲು ಮೊಸರಿನ ಗಡಿಗೆಗಳನ್ನು ತೊಲೆಗೆ ತೂಗುಹಾಕುವ ಹಗ್ಗದ ಜಾಳಿಗೆ. ಹೀಗೆ. ಹನ್ನೊಂದು ಮಂದಿಯಿಂದ ಶುರುವಾದದ್ದು. ಅವರು ಇವರಿಗೆ ಕಳಿಸಿ, ಇವರು ಇನ್ನೊಬ್ಬರಿಗೆ ಕಳಿಸಿ, ದೀಪಾವಳಿಯ ಹೊತ್ತಿಗೆ ನನ್ನ ಬ್ರಾಡ್‌ಕಾಸ್ಟ್ ಪಟ್ಟಿ ನೂರರ ಹತ್ತಿರ ಬಂತು. ಆ ಪಟ್ಟಿಗೆ ಗರಿಷ್ಠ 256 ಜನರ ಮಿತಿಯಿದೆ, ನನ್ನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ ಎನ್ನುವುದೆಲ್ಲ ಆಮೇಲೆ ಗೊತ್ತಾಯಿತು. ಎಷ್ಟೋ ಹೊಸಬರಿಗೆ ನಾನು ಗಾಳಿಗೆ ಬರೆಯುತ್ತಿದ್ದೆ!

ಬೆಳೆದದ್ದು ಕಂಡು ನನಗೆ ಹುಮ್ಮಸ್ಸು ಹೆಚ್ಚಾಯಿತು. ಬೆಳಿಗ್ಗೆ ಪದ, ಮಧ್ಯಾಹ್ನ ಗಾದೆ, ಸಂಜೆ ಒಂದು ಅಡುಗೆ. ದಿನಕ್ಕೆ ಮೂರು. ಕೆಲವು ದಿನ ಸೂರ್ಯೋದಯದ ಚಿತ್ರವೂ ಇತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಉತ್ತರಗಳು ಕಡಿಮೆಯಾದವು. ಎಲ್ಲರಿಗೂ ಆಫೀಸಿನ ಕೆಲಸ ಹೆಚ್ಚಾಗಿರಬೇಕೆಂದುಕೊಂಡೆ.

ಮರುವರ್ಷ ಒಂದು ದಿನ ಊರಿನಲ್ಲಿ ನಮ್ಮಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ಬೆಳಿಗ್ಗೆ ಹತ್ತಕ್ಕೆ ತಂಗಿಯ ಮಗಳಿಗೆ ಸಂದೇಶ ಕಳಿಸಿದೆ. ಮಧ್ಯಾಹ್ನವಾದರೂ ಉತ್ತರವಿಲ್ಲ, ಸಂಜೆಯಾದರೂ ಇಲ್ಲ. ರಾತ್ರಿ ಒಂಬತ್ತಕ್ಕೆ ಅವಳ ಫೋನು, ಅಳುತ್ತಿದ್ದಳು. "ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ. ದಿನಾ ಅಷ್ಟೊಂದು ಬರುತ್ತೆ ಅಂತ ನಿಮ್ಮ ಚಾಟನ್ನೇ ಮ್ಯೂಟ್ ಮಾಡಿಟ್ಟಿದ್ದೆ. ಈಗ ನೋಡಿದೆ."

ಅಮ್ಮ ಚೇತರಿಸಿಕೊಂಡರು, ಅದು ಪುಣ್ಯ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗಿಯ ತಪ್ಪೇನಿದೆ? ಗಾದೆಯ ಮೇಲೆ ಗಾದೆ ಹೇರಿ ನನ್ನ ದನಿಯನ್ನು ನಾನೇ ಸದ್ದು ಮಾಡಿಬಿಟ್ಟಿದ್ದೆ. ಕೇಳಬೇಕಾದ ಮಾತು ಕೇಳಿಸದೆ ಹೋಯಿತು.

ಮರುದಿನದಿಂದ ಮೂರನ್ನು ಒಂದಕ್ಕೆ, ಆಮೇಲೆ ಸೋಮವಾರ, ಗುರುವಾರ ಎರಡೇ ದಿನಕ್ಕೆ ಇಳಿಸಿದೆ. ಉತ್ತರಗಳು ನಿಧಾನವಾಗಿ ಮರಳಿದವು. ಹಾಗೆಂದು ತಿಂಗಳಿಗೊಂದಕ್ಕೆ ಇಳಿಸಲಿಲ್ಲ. ಅದರ ಫಲವೂ ನನಗೆ ಗೊತ್ತು. ಮೊಣಕಾಲಿನ ತೊಂದರೆಯಿಂದ ನಾನು ಇದೇ ಅಂಕಣವನ್ನು ಒಮ್ಮೆ ನಾಲ್ಕು ತಿಂಗಳು ನಿಲ್ಲಿಸಿದ್ದೆ. ಮೊದಲ ತಿಂಗಳು ಇಬ್ಬರು ಫೋನು ಮಾಡಿ ಕೇಳಿದರು. ಎರಡನೆಯ ತಿಂಗಳು ಒಬ್ಬರು. ಮೂರನೆಯ ತಿಂಗಳಿನಿಂದ ಯಾರೂ ಇಲ್ಲ.

ಈಗ ನಿಮ್ಮ ಜಗಳಕ್ಕೆ ಬರೋಣ. ನೀವಿಬ್ಬರೂ ಎರಡು ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತ ಒಂದೇ ಎಂದುಕೊಂಡಿದ್ದೀರಿ. ಓಲೆ ಬೇರೆ, ಚೀಟಿ ಬೇರೆ. ಓಲೆ ಹೋಗುವುದು ಒಬ್ಬರ ಇನ್‌ಬಾಕ್ಸಿಗೆ, ಅಂದರೆ ಮನೆಯೊಳಕ್ಕೆ. ಚೀಟಿ ಎಂದರೆ ನೀವು ಇನ್‌ಸ್ಟಾಗ್ರಾಮ್‌ನಲ್ಲೋ ಎಕ್ಸ್‌ನಲ್ಲೋ ಹಾಕುವ ಎರಡು ಸಾಲು. ಅದು ಬೀಳುವುದು ಬೀದಿಯಲ್ಲಿ. ಸಬ್‌ಸ್ಟ್ಯಾಕ್ ಎಂಬ ಕಂಪನಿ 2017ರಿಂದ ಇಂಥ ಓಲೆಗಳಿಗೆ ಜಾಗ ಕೊಡುತ್ತಿದೆಯಲ್ಲ, ಅದು ಕೂಡ 2023ರ ಏಪ್ರಿಲ್‌ನಲ್ಲಿ 'ನೋಟ್ಸ್' ಎಂದು ಬೇರೊಂದು ಅಂಗಳವನ್ನೇ ತೆರೆಯಿತು. ಉದ್ದನೆಯದನ್ನು ಬರೆಯುವವರಿಗೂ ಬೀದಿಯಲ್ಲಿ ನಿಂತು ಕೂಗಲು ಒಂದು ಕಟ್ಟೆ ಬೇಕೆಂದು ಅವರಿಗೂ ಅನ್ನಿಸಿರಬೇಕು.

ಮಾಟುಂಗ ಸ್ಟೇಷನ್ನಿನ ಹೊರಗೆ ಹೂವು ಮಾರುವವಳನ್ನು ನೋಡಿದ್ದೀರಿ. ಐದು ನಿಮಿಷಕ್ಕೊಮ್ಮೆ ಕೂಗುತ್ತಾಳೆ. ಯಾರಾದರೂ ಬೇಸರಪಟ್ಟುಕೊಳ್ಳುತ್ತಾರೆಯೇ? ಇಲ್ಲ. ಏಕೆಂದರೆ ಪ್ರತಿ ಲೋಕಲ್ ಬಂದಾಗಲೂ ಇಳಿಯುವವರು ಬೇರೆ. ಅವಳು ಹತ್ತು ಸಲ ಕೂಗಿದರೂ ಒಬ್ಬೊಬ್ಬರ ಕಿವಿಗೆ ಬೀಳುವುದು ಒಂದೇ ಸಲ. ಬೀದಿಯ ಚೀಟಿಯೂ ಹಾಗೆಯೇ. ನೀವು ಬೆಳಿಗ್ಗೆ ಹಾಕಿದ್ದನ್ನು ಸಂಜೆ ಫೋನು ತೆರೆದವನು ನೋಡುವುದಿಲ್ಲ, ನಿಮ್ಮನ್ನು ಹಿಂಬಾಲಿಸುವವರಲ್ಲಿಯೂ ಒಂದು ಪಾಲಿಗೆ ಮಾತ್ರ ಕಾಣುತ್ತದೆ. ಯಾರಿಗೆ ಕಾಣಬೇಕೆನ್ನುವುದನ್ನು ಆ ಕಂಪನಿಯ ಯಂತ್ರ ತೀರ್ಮಾನಿಸುತ್ತದೆ. ಆದ್ದರಿಂದ ಚೀಟಿ ಪದೇ ಪದೇ ಬೇಕು, ಹುಡುಗನ ಮಾತು ಅಲ್ಲಿಗೆ ಸರಿ. ಆದರೆ ಅದೇ ಹೂವಿನವಳು ದಿನಕ್ಕೆ ಮೂರು ಸಲ ನಿಮ್ಮ ಮನೆಯ ಗಂಟೆ ಬಾರಿಸಿದರೆ? ನಾಲ್ಕನೆಯ ದಿನ ವಾಚ್‌ಮನ್‌ಗೆ ಹೇಳಿ ಗೇಟಿನಲ್ಲೇ ತಡೆಯುತ್ತೀರಿ. ಹುಡುಗಿಯ ಭಯ ಅಲ್ಲಿಗೆ ಸರಿ. ನಾನು ಮಾಡಿದ್ದು ಅದನ್ನೇ. ಬೀದಿಯಲ್ಲಿ ಕೂಗಬೇಕಾದದ್ದನ್ನು ಮನೆಯೊಳಗೆ ನುಗ್ಗಿ ಕೂಗಿದೆ.

ಹಾಗಾದರೆ ಓಲೆ ತಿಂಗಳಿಗೊಂದು ಸಾಕೇ? ಹೊಸಬನನ್ನು ನೆನೆಸಿಕೊಳ್ಳಿ. ಚೀಟಿ ನೋಡಿ ಖುಷಿಯಾಗಿ ಹೆಸರು ಬರೆಸುತ್ತಾನೆ. ಮೊದಲ ಓಲೆ ಬರುವುದು ಇಪ್ಪತ್ತೈದು ದಿನದ ಮೇಲೆ. ಅಷ್ಟರಲ್ಲಿ ನೀವು ಯಾರೆಂಬುದೇ ಅವನಿಗೆ ಮರೆತಿರುತ್ತದೆ. ಯಾರಪ್ಪಾ ಇದು ಎಂದು ಸ್ಪ್ಯಾಮ್ ಗುಂಡಿ ಒತ್ತುತ್ತಾನೆ. ಈ ಗುಂಡಿ ಹುಡುಗಾಟವಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿ ಮಾಡಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರು ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಸೌಲಭ್ಯ ಕೊಡಲೇಬೇಕು, ಸ್ಪ್ಯಾಮ್ ದೂರುಗಳು ಶೇಕಡಾ 0.3ನ್ನು ಮುಟ್ಟಬಾರದು. ನೀವು ಅಷ್ಟು ದೊಡ್ಡವರಲ್ಲ ನಿಜ. ಆದರೂ ಸಿಟ್ಟಿನಿಂದ ಸ್ಪ್ಯಾಮ್ ಒತ್ತುವವನಿಗಿಂತ ಸದ್ದಿಲ್ಲದೆ ಹೊರಗೆ ಹೋಗುವವನು ಮೇಲು. ಹೊರಗೆ ಹೋಗುವ ದಾರಿಯನ್ನು ಪುಟದ ಅಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬಚ್ಚಿಡಬೇಡಿ. ಯಾರಾದರೂ ಹೋದರೆ ಅವಮಾನವೆಂದುಕೊಳ್ಳಲೂ ಬೇಡಿ.

ಇನ್ನೊಂದು ಮಾತು. "ಶೇಕಡಾ ಇಷ್ಟು ಜನ ತೆರೆದು ನೋಡಿದ್ದಾರೆ" ಎಂದು ಸಭೆಯಲ್ಲಿ ಒಬ್ಬರು ಹೆಮ್ಮೆಯಿಂದ ಹೇಳಿದಿರಿ. ಆ ಲೆಕ್ಕವನ್ನು ಅಷ್ಟು ನೆಚ್ಚಬೇಡಿ. ತೆರೆದದ್ದು ತಿಳಿಯುವುದು ಓಲೆಯೊಳಗೆ ಅಡಗಿಸಿಟ್ಟ ಒಂದು ಕಣ್ಣಿಗೆ ಕಾಣದ ಚಿತ್ರದಿಂದ. 2021ರಿಂದ ಆ್ಯಪಲ್‌ನವರ ಮೇಲ್ ಸೌಲಭ್ಯ, ಓದುಗ ನೋಡಲಿ ಬಿಡಲಿ, ಆ ಚಿತ್ರವನ್ನು ತಾನೇ ಮುಂಚಿತವಾಗಿ ಇಳಿಸಿಕೊಂಡುಬಿಡುತ್ತದೆ. ಓದದವನೂ ಓದಿದವನ ಲೆಕ್ಕಕ್ಕೆ ಸೇರುತ್ತಾನೆ. ಅದಕ್ಕಿಂತ ಒಂದು ನೋಟ್‌ಬುಕ್ ತೆಗೆದುಕೊಂಡು ಬರೆದಿಡಿ. ಯಾವ ಚೀಟಿ ಹಾಕಿದ ಮೇಲೆ ಎಷ್ಟು ಹೊಸಬರು ಸೇರಿದರು, ಯಾವ ಓಲೆ ಹೋದ ಮೇಲೆ ಎಷ್ಟು ಮಂದಿ ಬಿಟ್ಟರು, ಎಷ್ಟು ಮಂದಿ ಉತ್ತರ ಬರೆದರು. ಹಾಲಿನವನ ಲೆಕ್ಕ ಬರೆಯುವಷ್ಟೇ ಕೆಲಸ.

ಚೀಟಿ ಹೇಗಿರಬೇಕೆಂಬುದರಲ್ಲಿ ಮಾತ್ರ ನನ್ನದು ಸ್ವಲ್ಪ ಹಟ. ಅದು ಓಲೆಯದೇ ಥಾನಿನಿಂದ ಕತ್ತರಿಸಿದ ತುಂಡಾಗಿರಬೇಕು. ಚಪ್ಪಾಳೆಗಾಗಿ ಕ್ರಿಕೆಟ್ಟಿನ ತಮಾಷೆ ಹಾಕಿದರೆ ಚಪ್ಪಾಳೆ ಬರುತ್ತದೆ. ಬಂದವನು ಒಳಗೆ ಬಂದು ಡೊಂಬಿವಲಿಯಲ್ಲಿ ಕನ್ನಡ ಶಾಲೆ ನಡೆಸುವ ಮೇಷ್ಟರ ಕಥೆ ಕಂಡು ಹಾಗೇ ಹಿಂದಿರುಗುತ್ತಾನೆ. ಅದರ ಬದಲು ಆ ಮೇಷ್ಟರು ಹೇಳಿದ ಒಂದು ಮಾತನ್ನೇ ಚೀಟಿ ಮಾಡಿ, ಉಳಿದದ್ದು ಭಾನುವಾರದ ಓಲೆಯಲ್ಲಿ ಎನ್ನಿ. ಒಗ್ಗರಣೆಯ ಪರಿಮಳ ಪಕ್ಕದ ಮನೆಗೆ ಹೋದರೆ, ಒಳಗೆ ಹುಳಿ ಕುದಿಯುತ್ತಿರಬೇಕು.

ಎಷ್ಟು ಚೀಟಿ ಎಂದು ಕೇಳಿದರೆ, ವಾರಕ್ಕೆ ನಾಲ್ಕೈದು ಎನ್ನುತ್ತೇನೆ. ದಿನಕ್ಕೆ ಮೂರು ಬೇಡ. ಬೀದಿಯವರಿಗೆ ಬೇಸರವಾಗುತ್ತದೆಂದಲ್ಲ, ನಿಮಗೆ ಆಗುವುದಿಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದು, ಒಂದು ಕನ್ನಡ ವಾಕ್ಯ ಬರೆದು 'ಅಲ್ಪಪ್ರಾಣವೋ ಮಹಾಪ್ರಾಣವೋ' ಎಂದು ಅಮ್ಮನನ್ನು ಕೇಳಿ ತಿದ್ದುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಎರಡು ವಾರ ಮೂರು ಮೂರು ಹಾಕಿ ಮೂರನೆಯ ವಾರ ಪರೀಕ್ಷೆ ಎಂದು ಮಾಯವಾಗುವುದಕ್ಕಿಂತ, ಐದು ಜನ ಒಂದೊಂದು ದಿನ ಹಂಚಿಕೊಳ್ಳಿ. ಓಲೆ ಮಾತ್ರ ವಾರಕ್ಕೊಂದೇ, ಗೊತ್ತಾದ ದಿನ, ಗೊತ್ತಾದ ಹೊತ್ತು. ಪರೀಕ್ಷೆಯ ತಿಂಗಳು ನಿಲ್ಲಿಸುವುದಾದರೆ ಮೊದಲೇ ತಿಳಿಸಿ. ಆರು ವಾರ ಹೀಗೆ ಮಾಡಿ, ನೋಟ್‌ಬುಕ್ ತೆಗೆದು ನೋಡಿ, ಆಮೇಲೆ ಬೇಕಾದರೆ ಮತ್ತೆ ಜಗಳವಾಡಿ. ಚಕ್ಕುಲಿ ನಾನು ತರುತ್ತೇನೆ.

ಸಣ್ಣದು ಮತ್ತು ಪದೇ ಪದೇ ಎನ್ನುವುದಕ್ಕೆ ನಮ್ಮ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ, ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಇಲ್ಲ. ನನ್ನ ಆ ಪದಗಳ ಪಟ್ಟಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬನಿದ್ದ. ಮನೆಯಲ್ಲಿ ಕನ್ನಡ ಸರಾಗವಾಗಿ ಮಾತಾಡುತ್ತಾನೆ, ಲಿಪಿ ಮಾತ್ರ ಬೇಸಿಗೆ ಶಿಬಿರದಲ್ಲಿ ಕಲಿತದ್ದು. ಮೂರು ಸಾಲನ್ನು ಫೋನಿನ ಮೇಲೆ ಬೆರಳಿಟ್ಟು ಕೂಡಿಸಿ ಓದುತ್ತಾನೆಂದು ಅವನ ತಾಯಿ ಹೇಳಿದ್ದರು. ಒಂದು ಪುಟದ ಲೇಖನ ಕೊಟ್ಟಿದ್ದರೆ ಎರಡನೆಯ ಪ್ಯಾರಾದಲ್ಲೇ ಬಿಟ್ಟಿರುತ್ತಿದ್ದ. ಮೂರು ಸಾಲಾದ್ದರಿಂದ ಬಿಡಲಿಲ್ಲ. ಎರಡು ವರ್ಷವಾದ ಮೇಲೆ ಒಂದು ಭಾನುವಾರ ಅವನಿಂದ ಫೋನು ಬಂತು. "ಆಂಟಿ, ಈ ತಿಂಗಳ ನಿಮ್ಮ ಅಂಕಣ ಪೂರ್ತಿ ಓದಿದೆ. ಒಂದು ಕಡೆ 'ವಿಶೇಷ' ಬದಲು 'ವಿಷೇಶ' ಅಂತ ಆಗಿದೆ." ಅಚ್ಚಿನ ತಪ್ಪು ತೋರಿಸಿದ್ದಕ್ಕೆ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಸೋಮವಾರದ ಚೀಟಿಯನ್ನು ಅವನೇ ಬರೆಯುತ್ತೇನೆಂದು ಒಪ್ಪಿದ್ದಾನೆ. ಗುರುವಾರದ್ದು ನನ್ನದಿರಲಿ, ಮೂರೇ ಸಾಲು, ಚಿತ್ರ ಇರುವುದಿಲ್ಲ ಎಂದು ಮಾತು ಕೊಡುತ್ತೇನೆ. ಮಂಗಳವಾರ, ಬುಧವಾರ, ಶುಕ್ರವಾರ ಖಾಲಿ ಇವೆ. ಹೆಸರು ಕೊಡುವವರು ಮುಂದಿನ ಯುವ ವಿಭಾಗದ ಸಭೆಯಲ್ಲಿ ನನ್ನನ್ನು ಕಾಣಬಹುದು. ಜಗಳವಾಡಿದ ಇಬ್ಬರಲ್ಲಿ ಒಬ್ಬರಾದರೂ ಬರಲೇಬೇಕು.